ಹೊಲಿಗೆ ಆರುವ ತನಕ ಮಾತಿಲ್ಲ

ನಮ್ಮ ಬಳಗದ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನಾಗಮಣಿಯವರೇ, ಅವರ ಮಗಳು ಶ್ರೀಯಾ, ಭೋಜರಾಜ ಅವರ ಜೊತೆ ರೈಲ್ವೆಯಲ್ಲಿ ದುಡಿದು ಈ ಅಂಬತ್ತೂರಿನ ಸೆಕೆಯಲ್ಲೂ ಕೋಟು ಹಾಕಿಕೊಂಡು ಬಂದಿರುವ ಮಹನೀಯರೇ, ಮತ್ತೆ ನನ್ನ ಕೌದಿ ಕೂಟದ ಹೆಂಗಸರೇ — ನಿಮಗೆಲ್ಲ ಕೈ ಮುಗಿಯುತ್ತೇನೆ.

ನಾನು ಲೀಲಮ್ಮ. ಬ್ಯಾಂಕಿನಲ್ಲಿದ್ದೆ, ಈಗ ನಿವೃತ್ತಿ. ಮೂಲ ಮೈಸೂರು. ನಮ್ಮ ಕಾರ್ಯದರ್ಶಿ ತಿರುಮಲ ನನಗೆ ಮಾತಾಡಲು ಐದೇ ನಿಮಿಷ ಕೊಟ್ಟಿದ್ದಾರೆ. ಜೊತೆಗೆ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಮೇಡಂ, ಇದು ಶ್ರದ್ಧಾಂಜಲಿ ಸಭೆ, ದಯವಿಟ್ಟು ನಗಿಸಬೇಡಿ" ಎಂದೂ ಹೇಳಿದ್ದಾರೆ. ಆಯಿತಪ್ಪ ಅಂದೆ. ಆದರೆ ಭೋಜರಾಜ ಅವರ ಬಗ್ಗೆ ನಗದೆ ಮಾತಾಡುವುದು ಹೇಗೆ ಅಂತ ಅವರು ಹೇಳಿಕೊಡಲಿಲ್ಲ.

ಮೊದಲು ಒಂದು ಮಾತು. ಈ ಮೇಜಿಗೆ ಬಟ್ಟೆ ಹಾಸಿದವರು ಯಾರು? — ನೋಡಿ, ಇಲ್ಲಿ, ಸುಕ್ಕಿನ ಮೇಲೆ ಸುಕ್ಕು. ಆ ಪುಣ್ಯಾತ್ಮ ಇದ್ದಿದ್ದರೆ ಸಭೆ ಶುರುವಾಗಲು ಬಿಡುತ್ತಿರಲಿಲ್ಲ. ಅಲ್ಲಿ ಫೋಟೋ ನೋಡಿ, ಹಾರದ ಹಿಂದೆ ಕಾಲರ್ ಕಾಣುತ್ತದಲ್ಲ? ಆಧಾರ್ ಕಾರ್ಡಿನ ಫೋಟೋದಲ್ಲೂ ಅದೇ ಕಾಲರ್. ಮನುಷ್ಯನ ಮುಖ ಸುಕ್ಕಾಯಿತು, ಕಾಲರ್ ಆಗಲಿಲ್ಲ.

ಇನ್ನು ಈ ಸುಕ್ಕು ಬಟ್ಟೆಯ ಮೇಲೆ ಇಟ್ಟಿರುವುದು ಏನು ಅಂತ ಆಗಿನಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದೀರಿ. ಅದು ಕೌದಿ. ಹೆಂಡತಿ ನಾಗಮಣಿಯವರಿಗಾಗಿ ಭೋಜರಾಜ ಅವರು ನಮ್ಮಿಂದ ಹೊಲಿಸುತ್ತಿದ್ದ ಕೌದಿ. ತುಂಡುಗಳೆಲ್ಲ ಸೇರಿವೆ. ನಡುವಿನ ಒಂದು ಹೊಲಿಗೆಗೆ ಮಾತ್ರ ಇನ್ನೂ ಇಸ್ತ್ರಿ ಆಗಿಲ್ಲ. ಅದನ್ನು ಒತ್ತದೆ ಮೇಲೆ ಓಡುಹೊಲಿಗೆ ಹಾಕುವ ಹಾಗಿಲ್ಲ, ಓಡುಹೊಲಿಗೆ ಇಲ್ಲದೆ ಕೌದಿ ಮುಗಿಯುವ ಹಾಗಿಲ್ಲ. ಅವರು ಹೋಗಿ ತಿಂಗಳಾಯಿತು, ಅದು ಹಾಗೇ ಬಿದ್ದಿದೆ. ಯಾಕೆ ಬಿದ್ದಿದೆ? ಅದನ್ನು ಹಬೆಯಿಂದ ಒತ್ತಬೇಕೋ ಒಣದಾಗೇ ಒತ್ತಬೇಕೋ ಅನ್ನುವುದು ನಮ್ಮ ಕೂಟದಲ್ಲಿ ಇನ್ನೂ ತೀರ್ಮಾನವಾಗಿಲ್ಲ!

ನಗಬೇಡಿ. — ನಗಿ, ಪರವಾಗಿಲ್ಲ. ತಿರುಮಲ ಆ ಕಡೆ ನೋಡುತ್ತಿದ್ದಾರೆ.

ಭೋಜರಾಜ ಅವರು ನಮ್ಮ ಕೂಟಕ್ಕೆ ಸೇರಿದ್ದು ಹೇಗೆ ಅಂತ ಕೇಳಿ. ಸೇರಲೇ ಇಲ್ಲ, ಹೆಂಡತಿಯನ್ನು ಸ್ಕೂಟರಿನಲ್ಲಿ ಬಿಡಲು ಬಂದರು. ಮೇಲಿನ ಕೋಣೆಯಲ್ಲಿ ನಾವು ಹೆಂಗಸರು, ಪ್ಯಾರೀಸ್ ಕಾರ್ನರ್ ಪೇಟೆಯಿಂದ ತಂದ ತುಂಡು ಬಟ್ಟೆ ಹರಡಿಕೊಂಡು ಕೂತಿದ್ದೆವು. ನಾನು ನನ್ನ ಹೊಸ ಸ್ಟೀಮ್ ಇಸ್ತ್ರಿ ಪೆಟ್ಟಿಗೆ ಹಿಡಿದು — ಹೀಗೆ — ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದೆ, ನಮ್ಮ ಯಜಮಾನರ ಪ್ಯಾಂಟಿಗೆ ಎಳೆದ ಹಾಗೆ. ಬುಸ್ ಬುಸ್ ಅಂತ ಹಬೆ. ಬಾಗಿಲಲ್ಲಿ ನಿಂತಿದ್ದವರು ಚಪ್ಪಲಿ ಬಿಟ್ಟು ಒಳಗೇ ಬಂದುಬಿಟ್ಟರು. "ಏನ್ರೀ ಇದು! ಬಟ್ಟಿ ಐತೋ, ಪಾತ್ರಿ ಐತೋ? ಹಿಂಗ್ಯಾಕ ತಿಕ್ಕಾಕತ್ತೀರಿ?"

ಪರಿಚಯವಿಲ್ಲ, ನಮಸ್ಕಾರವಿಲ್ಲ. ನನಗೆ ಪಿತ್ತ ನೆತ್ತಿಗೇರಿತು. "ನೀವು ಯಾರು ಸ್ವಾಮಿ ಕೇಳೋಕೆ?" ಅಂದೆ. "ನಾನು ನಾಗಮಣಿ ಗಂಡ" ಅಂದವರೇ ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಅದರಲ್ಲಿದ್ದ ನೀರನ್ನೆಲ್ಲ ಕಿಟಕಿಯಿಂದ ಹೊರಗೆ ಚೆಲ್ಲಿದರು. ಕೆಳಗೆ ಯಾರೋ ತಮಿಳಿನಲ್ಲಿ ಬೈದರು. ಇವರು ಕಿವಿಗೇ ಹಾಕಿಕೊಳ್ಳಲಿಲ್ಲ. ಬಟ್ಟೆಯ ಮೇಲೆ ಪೆಟ್ಟಿಗೆ ಇಟ್ಟರು, ಒತ್ತಿದರು, ಎತ್ತಿದರು. "ಇಡ್ರಿ, ಒತ್ರಿ, ಎತ್ರಿ! ಎಳೀಬ್ಯಾಡ್ರಿ! ಎಳದ್ರ ಬಟ್ಟಿ ಸೊಟ್ಟ ಆಕ್ಕೈತಿ."

ಅವತ್ತು ಹಿಡಿದ ಪೆಟ್ಟಿಗೆಯನ್ನು ಅವರು ಕೊನೆಯ ತನಕ ಬಿಡಲಿಲ್ಲ. ಹೊಲಿಗೆ ನಮ್ಮದು, ಇಸ್ತ್ರಿ ಅವರದು.

ಅವರು ರೈಲು ಹಳಿಗಳ ಉಸ್ತುವಾರಿಯಲ್ಲಿ ಇದ್ದವರು, ನಿಮಗೆ ಗೊತ್ತು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟರು, ಮಾತು ಮಾತ್ರ ಹುಬ್ಬಳ್ಳಿ ದಾಟಲಿಲ್ಲ. ಅವರಿಗೆ ಲೋಕದಲ್ಲಿ ಎಲ್ಲವೂ ಹಳಿಯೇ. "ಲೀಲಮ್ಮಾರ, ಹಳಿ ಕಾದ್ರ ಹಿಗ್ಗತೈತಿ, ಬಟ್ಟಿ ತೊಯ್ದ್ರ ಹಿಗ್ಗತೈತಿ. ಹಬಿ ಇಡ್ಲಿಗೆ, ಕಾವು ಬಟ್ಟಿಗೆ!" ನಾನು ಬಿಡುತ್ತೇನೆಯೇ? "ಹಬೆ ಇಲ್ಲದೆ ಹಳೇ ಮಡಿಕೆ ಹೋಗೋದು ಹೇಗ್ರೀ?" ಅಂದೆ. "ಈ ಊರಿನ ಗಾಳ್ಯಾಗ ಇಷ್ಟ್ ಹಬಿ ಐತಿ, ಪೆಟಗ್ಯಾಗ ಮತ್ತ್ಯಾಕ ನೀರು?" ಅಂದರು. ಚೆನ್ನೈಯಲ್ಲಿ ಮೇ ತಿಂಗಳು ಕಳೆದ ಯಾರೂ ಇದನ್ನು ಅಲ್ಲಗಳೆಯಲಾರರು.

ನಮ್ಮ ಅಜ್ಜಿಯರು ಕೌದಿಗೆ ಇಸ್ತ್ರಿ ಹಾಕಿದ್ದನ್ನು ಯಾರು ಕಂಡಿದ್ದಾರೆ ಅಂತ ಇನ್ನೊಂದು ಸಲ ಕೇಳಿದೆ. "ನಿಮ್ಮಜ್ಜಿ ನೆಲಕ್ಕ ಹಾಸಿ ಅದರ ಮ್ಯಾಲ ಕುಂತು ಹೊಲೀತಿದ್ಲು. ಅದ ಇಸ್ತ್ರಿ! ನೀವು ಕೂಡೂದು ಕುರ್ಚಿ ಮ್ಯಾಲ." — ಮಂಡಿ ನೋವಿನ ಹೆಂಗಸರಿಗೆ ಹೇಳುವ ಮಾತೇ ಇದು?

ಹೀಗೆ ನಮ್ಮಲ್ಲಿ ಎರಡು ಪಕ್ಷವಾದವು. ಒಣ ಪಕ್ಷ, ಹಬೆ ಪಕ್ಷ. ಹಬೆ ಪಕ್ಷಕ್ಕೆ ನಾನು ಅಧ್ಯಕ್ಷೆ. ಬಳಗದ ವಾರ್ಷಿಕೋತ್ಸವಕ್ಕೆ ಒಂದು ದೊಡ್ಡ ಕೌದಿ ಮಾಡಿ ಅಂತ ತಿರುಮಲ ಕೇಳಿಕೊಂಡಾಗ ನಾವೇನು ಮಾಡಿದೆವು ಗೊತ್ತೇ? ಅರ್ಧ ನಾವು ಹಬೆಯಿಂದ ಒತ್ತಿದೆವು, ಅರ್ಧ ಅವರು ಒಣದಾಗಿ ಒತ್ತಿದರು. ಬುದ್ಧಿ ಇರುವವರು ಯಾರಾದರೂ ಹೀಗೆ ಮಾಡುತ್ತಾರೆಯೇ? ಜೋಡಿಸಲು ಹೋದರೆ ನಮ್ಮ ಅರ್ಧ ನಾಲ್ಕು ಬೆರಳು ಉದ್ದ! ನಿಮ್ಮದು ಹಿಗ್ಗಿದೆ ಅಂತ ಅವರು, ನಿಮ್ಮದು ಬಿಚ್ಚಿಕೊಂಡಿಲ್ಲ ಅಂತ ನಾವು. ಕೂಗಾಟ ಕೇಳಿ ಕೆಳಗಿನ ವಾಚ್‌ಮನ್ "ಎನ್ನಮ್ಮಾ ಆಚ್ಚು?" ಏನಾಯಿತಮ್ಮಾ ಅಂತ ಓಡಿಬಂದ. ಕೊನೆಗೆ ಭೋಜರಾಜ ಅವರೇ ನಡುವೆ ಒಂದು ಓರೆ ಪಟ್ಟಿ ಕೊಡಿಸಿ ಎರಡನ್ನೂ ಸೇರಿಸಿದರು. ಆ ಪಟ್ಟಿಗೆ 'ಲೆವೆಲ್ ಕ್ರಾಸಿಂಗ್' ಅಂತ ಹೆಸರಿಟ್ಟರು. ನೋಡಿದವರೆಲ್ಲ ಎಂಥ ಡಿಸೈನು, ಎಂಥ ಡಿಸೈನು ಅಂದರು. ಅಂದಿನಿಂದ ನಮ್ಮ ಎಲ್ಲ ಕೌದಿಗಳಲ್ಲೂ ಅದು ಇದೆ. ಅದು ತಪ್ಪು ಮುಚ್ಚಲು ಹಾಕಿದ ಪಟ್ಟಿ ಅಂತ ಹೊರಗಿನವರಿಗೆ ನಾವು ಹೇಳಿಲ್ಲ. ಇವತ್ತು ಹೇಳಿದೆ, ನೀವು ಹೇಳಬೇಡಿ.

ಶ್ರೀಯಾ ಒಂದು ಹುಟ್ಟುಹಬ್ಬಕ್ಕೆ ಅಪ್ಪನಿಗೆ ಒಳ್ಳೆಯ ಸ್ಟೀಮ್ ಪೆಟ್ಟಿಗೆ ತರಿಸಿಕೊಟ್ಟಳು. "ಅಪ್ಪಾ, ಯೂಸ್ ಪಣ್ಣುಂಗೋ" ಅಂದಳು. ಯೂಸ್ ಮಾಡಿದರು, ಯಾಕೆ ಮಾಡಲಿಲ್ಲ? ಪೆಟ್ಟಿಗೆ ಅಟ್ಟ ಸೇರಿತು, ಜೊತೆಗೆ ಬಂದ ನೀರಿನ ಲೋಟದಲ್ಲಿ ದಿನಾ ತುಳಸಿಗೆ ನೀರು ಹಾಕಿದರು.

ಈಗ ಈ ಕೌದಿಯ ಕಥೆ. ಚೆನ್ನೈಯಲ್ಲಿ ಕೌದಿ ಯಾಕೆ ಬೇಕು ಅಂತ ಎಲ್ಲರೂ ನಮ್ಮನ್ನು ಕೇಳುತ್ತಾರೆ. ಎಸಿ ಇರುವ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರೆ ಕೌದಿ ಬೇಕು. ಭೋಜರಾಜ ಅವರಿಗೆ ಎಸಿ ಹದಿನೆಂಟರಲ್ಲೇ ಇರಬೇಕು. ಬಿಸಿಲಲ್ಲಿ ಹಳಿ ನಡೆದ ಮೈ, ತಂಪು ಬೇಡುತ್ತಿತ್ತು. ನಾಗಮಣಿಯವರಿಗೆ ಗಡಗಡ ನಡುಕ. ಬೇರೆ ಯಾರಾದರೂ ಆಗಿದ್ದರೆ ರಿಮೋಟು ತೆಗೆದುಕೊಂಡು ನಾಲ್ಕು ಡಿಗ್ರಿ ಏರಿಸುತ್ತಿದ್ದರು. ಇವರು? "ಏರ್ಸೂದು ಬ್ಯಾಡ, ನಿನಗೊಂದು ಕೌದಿ ಮಾಡಿಸಿ ಕೊಡ್ತೀನಿ" ಅಂದರು. ಹಟ ಅಂದರೆ ಹಟ, ಪ್ರೀತಿ ಅಂದರೆ ಪ್ರೀತಿ. ಎರಡನ್ನೂ ಬೇರೆ ಮಾಡಲು ನನಗೆ ಬರುವುದಿಲ್ಲ.

ನಡುವಿನ ಹೊಲಿಗೆಯನ್ನು ನಾವು ಹಾಕಿ ಮುಗಿಸಿದ ಹೊತ್ತಿಗೆ ಕರೆಂಟು ಹೋಯಿತು. "ಇರ್ಲಿ, ನಾಳಿ ಒತ್ತಿದ್ರಾತು" ಅಂದು ಸ್ಕೂಟರ್ ಹತ್ತಿದರು. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ.

—

ಹೋದ ವಾರ ನಾಗಮಣಿಯವರನ್ನು ನೋಡಲು ಹೋಗಿದ್ದೆ. ಮನೆಯೊಳಗೆ ಕಾಲಿಟ್ಟರೆ ಐಸಿನ ಪೆಟ್ಟಿಗೆಗೆ ಕಾಲಿಟ್ಟ ಹಾಗೆ. ಇವರು ಶಾಲು ಹೊದ್ದು ಕೂತಿದ್ದಾರೆ. "ಇದೇನ್ರೀ, ಈಗಾದ್ರೂ ಏರಿಸಬಾರದಾ?" ಅಂದೆ. ಅವರು ಏನಂದರು ಅಂತ ಅವರ ಅಪ್ಪಣೆ ಕೇಳಿಯೇ ಹೇಳುತ್ತಿದ್ದೇನೆ. "ಕೈ ಬರವಲ್ದು ಲೀಲಕ್ಕ. ಏರಿಸಿದ್ರ ಅವರು ಖರೇನ ಹೋದಂಗ ಆಗ್ತೈತಿ. ಇದ ತಂಪಿನ್ಯಾಗ ಮಲಗ್ತೀನಿ. ನೀವು ಆ ಕೌದಿ ಒಂದು ಮುಗಿಸಿ ಕೊಡ್ರಿ."

ನಾನು ಅತ್ತುಬಿಟ್ಟೆ. ಅತ್ತು, ಮೂಗು ಒರೆಸಿಕೊಂಡು, ಕೇಳಬೇಕಾದ್ದನ್ನು ಕೇಳಿದೆ. "ಹಬೆಯೋ, ಒಣದೋ?"

ಅದಕ್ಕೆ ಆ ಮಹಾತಾಯಿ ನಕ್ಕರು. ಗಂಡ ಹೋದ ಮೇಲೆ ಮೊದಲ ಸಲ ನಕ್ಕರು. "ಲೀಲಕ್ಕ, ಮನ್ಯಾಗ ನನ್ನ ಹಳೇ ಸೀರಿ ಮಡಿಕಿ ಹೋಗ್ಲಿಲ್ಲಂದ್ರ ಅವರು ಹಸಿ ಟವೆಲ್ ಹಾಕಿ ಒತ್ತತಿದ್ರು. ಬುಸ್ ಅಂತ ಮ್ಯಾಲ ಏಳ್ತಿತ್ತು. ಇದೇನ್ರೀ ಹಬಿ ಅಲ್ಲೇನು ಅಂದ್ರ, ಇದು ಹಬಿ ಅಲ್ಲ, ಟವೆಲ್ಲಿನ ಕಾವು ಅಂತಿದ್ರು!"

ಕೇಳಿದಿರಾ? ಒಣ ಪಕ್ಷದ ಹೆಂಗಸರೇ, ಕೇಳಿಸಿತಾ? ಹಿಂದಿನ ಸಾಲಿಗೂ ಕೇಳಿಸಲಿ. ಟವೆಲ್ಲಿನ ಕಾವಂತೆ! ವರ್ಷಗಟ್ಟಲೆ ನನ್ನನ್ನು ಇಡ್ಲಿ ಲೀಲಮ್ಮ ಅಂತ ಕರೆದ ಮನುಷ್ಯ! ಈಗ ಜಗಳವಾಡೋಣ ಅಂದರೆ ಎದುರಿಗೆ ಇಲ್ಲ. ಅದೇ ನನಗೆ ಬಹಳ ಸಂಕಟ.

ಇನ್ನು ಒಂದೇ ವಿಷಯ. ಅವರ ಹತ್ತಿರ ಹಳೆಯ ಸ್ಲೀಪರ್ ಮರದ ಒಂದು ತುಂಡಿತ್ತು, ಹಳಿಯ ಕೆಳಗೆ ಹಾಕುತ್ತಾರಲ್ಲ ಆ ಮರ. ಇದೇ, ನೋಡಿ. — ಅಬ್ಬಾ, ಭಾರ. ಪೆಟ್ಟಿಗೆ ಎತ್ತಿದ ಕೂಡಲೇ ಇದನ್ನು ಹೊಲಿಗೆಯ ಮೇಲೆ ಇಡುತ್ತಿದ್ದರು. ಬಿಸಿ ಬಟ್ಟೆ ಅದರ ಕೆಳಗೇ ಆರಬೇಕು, ಆಗಲೇ ಹೊಲಿಗೆ ಕೂರುವುದು. ಆರುವ ತನಕ ಯಾರೂ ಮುಟ್ಟಬಾರದು, ಯಾರೂ ಮಾತಾಡಬಾರದು. "ಮಾತಾಡೂ ಬಾಯಿ ಇದ್ದಲ್ಲಿ ಕೈ ಸುಮ್ನ ಇರೂದಿಲ್ಲ. ಆರೂ ತನಕ ಬಾಯಿ ಮುಚ್ರಿ!" ಅನ್ನುತ್ತಿದ್ದರು. ನಾವು ಮುಚ್ಚಿದೆವೆಯೇ? ಒಂದು ದಿನವಾದರೂ? ಇವರು ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿರುತ್ತಿದ್ದರು, ಹೀಗೆ, ಕ್ಲಾಸಿನಲ್ಲಿ ಗದ್ದಲ ತಡೆಯಲಾರದ ಮೇಷ್ಟರ ಹಾಗೆ. ನಾವು ಸೊಸೆಯಂದಿರ ಸುದ್ದಿ, ಮೆಟ್ರೋ ಅಗೆದ ರಸ್ತೆಯ ಸುದ್ದಿ, ಯಾರ ಮನೆ ಸಾರಿನ ಪುಡಿ ಚೆನ್ನಾಗಿದೆ ಅನ್ನುವ ಸುದ್ದಿ ಆಡುತ್ತಲೇ ಇದ್ದೆವು. ಅವರು ಕೇಳಿಕೊಂಡ ಆ ಮೌನ ನಮ್ಮಿಂದ ಅವರಿಗೆ ಸಿಗಲೇ ಇಲ್ಲ.

ಇವತ್ತು ಕೊಡೋಣ.

ನಾಗಮಣಿಯವರೇ, ಮೇಲೆ ಬನ್ನಿ. ಶ್ರೀಯಾ, ಅಮ್ಮನ ಕೈ ಹಿಡಿದುಕೊಳ್ಳಮ್ಮ. ಇದು ಅವರ ಪೆಟ್ಟಿಗೆ, ಇದು ಅವರ ಟವೆಲು, ಒದ್ದೆ ಮಾಡಿ ತಂದಿದ್ದೇನೆ. ನಾಗಮಣಿಯವರು ಒತ್ತುತ್ತಾರೆ. ಬುಸ್ ಅಂತ ಮೇಲೆ ಏಳುತ್ತದೆ. ಯಾರೂ ಅದನ್ನು ಹಬೆ ಅನ್ನಬಾರದು, ನಾನೂ ಅನ್ನುವುದಿಲ್ಲ. ಆಮೇಲೆ ಈ ಮರ ಇಡುತ್ತೇವೆ. ಅದನ್ನು ನಾಗಮಣಿಯವರು ಎತ್ತುವ ತನಕ ನಾವೆಲ್ಲ ನಿಂತೇ ಇರೋಣ, ತುಟಿ ಪಿಟಕ್ ಅನ್ನದೆ. ಗಡಿಯಾರ ನೋಡಬೇಡಿ, ಅದು ಆರಿದಾಗ ಆರುತ್ತದೆ. ಶನಿವಾರ ಎರಡೂ ಪಕ್ಷದವರು ಸೂಜಿ ತಗೊಂಡು ಬನ್ನಿ, ಕೌದಿ ಮುಗಿಸಿ ಆ ತಣ್ಣನೆ ಮನೆಗೆ ಕೊಟ್ಟು ಬರೋಣ.

ಈ ವೇದಿಕೆಯಲ್ಲಿ ಇರುವುದು ಒಂದೇ ಪ್ಲಗ್ಗು. ಅದಕ್ಕೆ ಮೈಕಾದರೂ ಹಾಕಬೇಕು, ಪೆಟ್ಟಿಗೆಯಾದರೂ ಹಾಕಬೇಕು. ಭೋಜರಾಜ ಅವರೇ, ನನ್ನ ಬಾಯಿ ಮುಚ್ಚಿಸಲು ಕೊನೆಗೂ ದಾರಿ ಕಂಡುಕೊಂಡಿರಿ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. — ತಿರುಮಲ, ಮೈಕಿನ ಪ್ಲಗ್ ಕೀಳಪ್ಪ.