ಉಂಡ ಮೇಲಿನ ನಡಿಗೆ

ದಿನವಿಡೀ ಹಡಗಿನ ತುಕ್ಕು ಕೆರೆದು ಬೂಸಾನ್ ಬಂದರಿನ ಬಸ್‌ಸ್ಟಾಪಿನಲ್ಲಿ ಕೂತಿದ್ದ ಕೂಲಿಯವ ಗ್ಯುತೆಗೆ ಎಲ್ಲರ ಮೇಲೂ ಸಿಟ್ಟು. ಬಾರದ ಬಸ್ಸಿನ ಮೇಲೆ ಸಿಟ್ಟು, ಪಕ್ಕದಲ್ಲಿ ಕುಸಿದು ಕೂತು ಫೋನಿನ ಸ್ಪೀಕರ್ ಹಾಕಿಕೊಂಡ ತುಂಬು ಬಸುರಿಯ ಮೇಲೂ ಸಿಟ್ಟು. ಬೈಯಬೇಕು ಅನ್ನುವಷ್ಟರಲ್ಲಿ ಅವಳ ಗಂಡನ ದನಿ ಬಂತು.

"ಸೋರಿನ್, ಕೂತುಬಿಟ್ಯಾ? ಹೆಜ್ಜೆ ಸದ್ದೇ ಇಲ್ಲ!"

"ಒಂಚೂರು ರೀ. ಇಲ್ಲಿ ಗೆಣಸು ಸುಡ್ತಿದಾರೆ. ವಾಸನೆ ಕುಡಿದ್ರೂ ತಪ್ಪಾ?"

"ವಾಸನೆಗೆ ಸಕ್ಕರೆ ಏರಲ್ಲ. ಕೈ ಮಾತ್ರ ಚಾಚಬೇಡ ತಾಯಿ."

"ಡಾಕ್ಟರು ಉಂಡ ಮೇಲೆ ನಡಿ ಅಂದ್ರು, ನಡೀತಾನೇ ಇದೀನಿ. ಆದ್ರೂ ಸಕ್ಕರೆ ಇಳೀತಿಲ್ಲ. ನಾಳೆಯಿಂದ ಇನ್ಸುಲಿನ್ ಅಂತೆ. ಮಗೂಗೇನಾದ್ರೂ ಆದ್ರೆ..."

"ಏನೂ ಆಗಲ್ಲ. ನೀನೊಬ್ಳೇ ನಡೀಬಾರ್ದು ಅಂತ ನಾನೂ ಡೆಕ್ ಮೇಲೆ ನಡೀತಿಲ್ವಾ? ಹಡಗಲ್ಲಿ ಎಲ್ರೂ ನನ್ನೇ ಬಸುರಿ ಅಂತ ಕರೀತಾರೆ."

ಅವಳು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು.

"ಹೆರಿಗೆಗೆ ಬರ್ತೀರಾ?"

"ಹಡಗು ಇನ್ನೂ ದೂರಕ್ಕೇ ಹೋಗ್ತಿದೆ ಕಣೇ."

"ಈಗ ಯಾವ ಕಡೆ ನಡೀತಿದೀರಿ?"

"ಹಡಗಿನ ಹಿಂದುಗಡೆಗೆ. ಬೂಸಾನ್ ಇರೋ ಕಡೆಗೆ."

"ಹಂಗಾದ್ರೆ ತಿರುಗಬೇಡಿ. ಹಂಗೇ ನಡೀತಾ ಬನ್ನಿ."

"ಕಂಬಿ ಬಂತು ಸೋರಿನ್. ಮುಂದೆ ಬರೀ ಸಮುದ್ರ."

"ಸರಿ, ಅಲ್ಲೇ ನಿಂತ್ಕೊಳ್ಳಿ. ಮಿಕ್ಕಿದ್ದು ನಾನು ನಡೀತೀನಿ."

ಸೋರಿನ್ ಸೊಂಟಕ್ಕೆ ಕೈಕೊಟ್ಟು ಎದ್ದಳು. ಆ ಹೊತ್ತಿಗೆ ಬಂದ ಬಸ್ಸಿನತ್ತ ನೋಡದೆ, ಫೋನನ್ನು ಎದೆಗೊತ್ತಿಕೊಂಡು, ರಸ್ತೆ ದಾಟಿ ನೀರಿನಂಚಿನ ಕಂಬಿಯ ಕಡೆಗೆ ನಡೆದೇಬಿಟ್ಟಳು.