ರೆವಾ ಕೊಟ್ಟ ದೂರು

...ಫೋನ್ ಇಟ್ಬಿಡ್ಬೇಡ, ರೆವಾ. ಕೆಂಟಕಿಯಿಂದ ಮೂರು ಗಂಟೆ ಗಾಡಿ ಓಡಿಸ್ಕೊಂಡು ಈ ಟೆನ್ನೆಸ್ಸಿ ಜೈಲಿಗೆ ಬಂದಿದೀಯ, ಗಾಜಿನ ಆಚೆ ಕೂತು ನನ್ನ ಕೈ ನೋಡ್ತಿದೀಯಲ್ಲ. ಇದು ಹೊಲಿಗೆ ಅಷ್ಟೇ. ಅವನ ಹಲ್ಲು ತಾಗಿದ್ದು. ಯಾಕೆ ಮುಖ ತಿರುಗಿಸ್ತೀಯ? ಹೊಡೆದದ್ದು ಯಾರಿಗೋಸ್ಕರ, ಹೇಳು.

ಮೂರು ವರ್ಷ. ನೀನು ಹಗಲೆಲ್ಲ ಆ ವೃದ್ಧಾಶ್ರಮದಲ್ಲಿ ಮುದುಕರ ಮೈ ಒರೆಸಿ ಬಂದು, ಅಡುಗೆಮನೇಲಿ ಕಂಪ್ಯೂಟರ್ ತೆಗೆದು ನರ್ಸಿಂಗ್ ಓದೋಕೆ ಕೂತ್ಕೋತಿದ್ದೆ. ಒಲೆ ಮೇಲೆ ಬೀನ್ಸ್ ಸೀದುಹೋದ್ರೂ ನಿಂಗೆ ಗೊತ್ತಾಗ್ತಿರಲಿಲ್ಲ. ಈ ಟೆನ್ನೆಸ್ಸಿ ಕಾಲೇಜು ಪದವೀನೂ ಕೊಡ್ತು. ನರ್ಸ್ ಲೈಸೆನ್ಸ್ ಕೇಳೋಕೆ ಹೋದ್ರೆ... ಆ ಕಾಲೇಜಿಗೆ ನಮ್ಮ ಕೆಂಟಕಿಯಲ್ಲಿ ಕಲಿಸೋ ಅನುಮತೀನೇ ಇಲ್ಲ, ಈ ಪದವಿ ನಡೆಯಲ್ಲ ಅಂದ್ರು. ನೀನು ದೂರು ಕೊಟ್ಟೆ. ಕೆಂಟಕಿಯೋರು ಕಾಲೇಜಿರೋ ರಾಜ್ಯಕ್ಕೆ ಬರಿ ಅಂದ್ರು. ಟೆನ್ನೆಸ್ಸಿಯೋರು ಮೊದಲು ಕಾಲೇಜಿಗೇ ಬರಿ ಅಂದ್ರು. ಕಾಲೇಜಿನೋರು ಬಾಯೇ ಬಿಡಲಿಲ್ಲ. ನಲ್ಲಿ ತಿರುಗಿಸಿಟ್ಟು ಬಚ್ಚಲಲ್ಲಿ ಅಳ್ತಿದ್ದೆ ನೀನು. ನಂಗೆ ಕೇಳಿಸ್ತಿರಲಿಲ್ಲ ಅಂದ್ಕೊಂಡ್ಯಾ?

ಅದಕ್ಕೇ ನಾನೇ ಆ ಕಾಲೇಜಿಗೆ ಬಂದೆ. ಹೊಡೀಬೇಕು ಅಂತಲ್ಲ. ಗ್ಯಾರೇಜಿಂದ ನೆಟ್ಟಗೆ ಬಂದಿದ್ದೆ, ಸ್ಪ್ಯಾನರ್ ಜೇಬಲ್ಲೇ ಇತ್ತು. ಅಲ್ಲಿ ದೂರು ನೋಡ್ಕೊಳ್ಳೋನು ಹೆನ್ಸ್ಲಿ ಅಂತ, ಪೀಚಲು ಆಸಾಮಿ. ‘ಕೂತ್ಕೊಳ್ಳಿ, ಮಿಸ್ಟರ್ ಕೂಂಬ್ಸ್’ ಅಂದ. ನಿನ್ನ ಫೈಲ್ ತೆಗೆದು ಒಂದು ಕಾಗದ ನನ್ನ ಕಡೆ ತಿರುಗಿಸಿದ. ಬಾಯಿಗೆ ಗುದ್ದಿದೆ. ಕುರ್ಚಿ ಸಮೇತ ಬಿದ್ದ. ಬಿದ್ದಲ್ಲಿಂದಲೇ ಆ ಕಾಗದಕ್ಕೆ ಕೈ ಚಾಚಿದ, ಸ್ಪ್ಯಾನರಲ್ಲಿ ಬೆರಳು ಜಜ್ಜಿದೆ. ದವಡೆಗೂ ಬಿಟ್ಟೆ. ಮೂಳೆ ಕಟಕ್ ಅಂತು. ಪೊಲೀಸರು ನನ್ನ ಬೆನ್ನ ಮೇಲೆ ಮಂಡಿ ಊರೋವರೆಗೂ ನಿಲ್ಲಿಸಲಿಲ್ಲ.

...ಏನು? ಯಾವುದೋ ಕಾಗದ. ಕಾಲೇಜಿಂದು. ನನಗೆ ನೆನಪಿಲ್ಲ.

ಹಾಗೆ ನೋಡ್ಬೇಡ. ಬೈಯೋದಾದ್ರೆ ಬೈ. ಬ್ಯಾಗಲ್ಲಿ ಏನು ಹುಡುಕ್ತಿದೀಯ?

ಆ ಕಾಗದ ಯಾರು ಕೊಟ್ರು ನಿಂಗೆ? ವಕೀಲನಾ?

...

ಮೊದಲನೇ ವರ್ಷವೇ ಬಂದಿತ್ತು. ನೀನು ಕೆಲಸಕ್ಕೆ ಹೋಗಿದ್ದೆ, ಅಂಚೆಯೋನು ನನ್ನ ಕೈಗೆ ಕೊಟ್ಟ. ಮನೇಲೇ ಕೂತು ಓದಿದ್ರೆ ಕೆಂಟಕಿಯಲ್ಲಿ ಲೈಸೆನ್ಸ್ ಸಿಗಲ್ಲ, ಎರಡು ವರ್ಷ ಟೆನ್ನೆಸ್ಸಿಯ ನಾಕ್ಸ್‌ವಿಲ್‌ಗೇ ಬಂದು ಇದ್ದು ಓದಿದ್ರೆ ಸಿಗುತ್ತೆ, ಯಾವುದು ಅಂತ ಗುರುತು ಹಾಕಿ ಸಹಿ ಮಾಡಿ ಅಂತಿತ್ತು. ನೋಡಿದ್ರೆ ನೀನು ಹೊರಟೇಬಿಡ್ತಿದ್ದೆ. ಹೋದ್ರೆ ವಾಪಸ್ ಬರಲ್ಲ ಅನ್ನಿಸ್ತು. ಆಮೇಲೆ ಹೇಳೋಣ ಅಂದ್ಕೊಂಡೆ... ದಿನಾ ಅಂದ್ಕೊಂಡೆ. ನೀನು ಅಲ್ಲೇ ಎದುರಿಗೆ ಕೂತು ಓದ್ತಾ ಇದ್ದೆ.

ಹೆನ್ಸ್ಲಿ ಒಂದು ಮಾತೂ ಕೆಟ್ಟದಾಗಿ ಆಡಲಿಲ್ಲ. ‘ಇದು ನಿಮ್ಮ ಹೆಂಡತಿ ಸಹಿನೇನಾ? ಅವರಿಗೇ ಫೋನ್ ಮಾಡಿ ಕೇಳ್ತೀನಿ’ ಅಂದ. ಅಷ್ಟೇ ಅಂದಿದ್ದು.

ಗಾಜಿಗೆ ಅಷ್ಟು ಹತ್ತಿರ ಹಿಡೀಬೇಡ, ರೆವಾ. ನನ್ನ ಕೈಬರಹ ನಂಗೆ ಗೊತ್ತಾಗುತ್ತೆ.