ಮಾತಾಡಿಸಲು ಹೋಗದ ಡಾಕ್ಟರ್

ಒಂದೂರಿನಲ್ಲಿ ಒಬ್ಬ ಡಾಕ್ಟರ್ ಇದ್ದ. ಕೈಗುಣದಲ್ಲಿ ಬಹಳ ಶ್ರೀಮಂತ. "ಅವರು ನಾಡಿ ಹಿಡಿದ್ರೆ ಸಾಕು, ಅರ್ಧ ಕಾಯಿಲೆ ಹೋಯ್ತು" ಎಂದು ಸುತ್ತ ಹತ್ತೂರಿನ ಜನ ಅವನ ಆಸ್ಪತ್ರೆಗೇ ಬರುತ್ತಿದ್ದರು. ಅದೇ ಊರಲ್ಲಿ ಒಬ್ಬ ದರ್ಜಿ. ಮಕ್ಕಳಿಲ್ಲ, ಹೆಂಡತಿಯೇ ಎಲ್ಲ. ಅವನು ಅಂಗಿ ಹೊಲಿದರೆ ಅವಳು ಕಾಜಾ ಹಾಕಿ ಗುಂಡಿ ಹಚ್ಚುವಳು. ದಿನವಿಡೀ ಮಾತು, ಜಗಳ, ಮತ್ತೆ ಮಾತು.

ಅವಳಿಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ಸಣ್ಣ ಆಪರೇಷನ್. ಒಂದು ಇಂಜೆಕ್ಷನ್ ತನಗೆ ಆಗಿಬರುವುದಿಲ್ಲವೆಂದು ಅವಳು ನರ್ಸಿಗೆ ಹೇಳಿದ್ದಳು, ನರ್ಸು ಚೀಟಿಯಲ್ಲಿ ಬರೆದಿದ್ದಳು. ಡಾಕ್ಟರಿಗೆ ಅವಸರ. ಚೀಟಿ ನೋಡದೆ ಅದೇ ಇಂಜೆಕ್ಷನ್ ಕೊಟ್ಟ. ನಡೆದು ಒಳಗೆ ಹೋದವಳನ್ನು ಹೊತ್ತು ಹೊರಗೆ ತಂದರು.

ನೋಡಿ, ತಪ್ಪು ಮಾಡದವರು ಯಾರಿದ್ದಾರೆ? ಡಾಕ್ಟರೂ ಮನುಷ್ಯನೇ. ಆಮೇಲೆ ಏನು ಮಾಡಿದ, ಅದನ್ನು ಕೇಳಿ. ಆಸ್ಪತ್ರೆಯ ಮ್ಯಾನೇಜರ್ ಓಡಿ ಬಂದು, "ಸಾರ್, ಬಾಯಿ ಬಿಟ್ರೆ ಕೇಸಾಗುತ್ತೆ. ಯಾರೂ ಏನೂ ಮಾತಾಡ್ಬೇಡಿ" ಎಂದ. ಸರಿ, ಇಡೀ ಆಸ್ಪತ್ರೆಯ ಬಾಯಿಗೆ ಬೀಗ ಬಿತ್ತು. ದರ್ಜಿ ದಿನಾ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. "ಏನಾಯ್ತು ಅಂತ ಒಂದ್ಮಾತು ಹೇಳಿ" ಎನ್ನುತ್ತಿದ್ದ. ನರ್ಸುಗಳು ತಲೆ ತಗ್ಗಿಸಿ ಹೋಗುವರು. ಡಾಕ್ಟರ್ ಹಿಂದಿನ ಬಾಗಿಲಿಂದ ಹೋಗುವನು. ನೂರು ಜನರಿರುವ ಆಸ್ಪತ್ರೆಯಲ್ಲಿ ದರ್ಜಿ ಒಬ್ಬನೇ. ಮನೆಗೆ ಬಂದರೆ ಗುಂಡಿಯಿಲ್ಲದ ಅಂಗಿಗಳ ರಾಶಿ, ಅಲ್ಲೂ ಒಬ್ಬನೇ. ಡಾಕ್ಟರಾದರೂ ಸುಖವಾಗಿದ್ದನೇ? ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಬಾಯಿಗೆ ಅನ್ನ ಸೇರಲಿಲ್ಲ. ಅವನೂ ಒಬ್ಬನೇ.

ಐದು ತಿಂಗಳು ಹೀಗೇ ಕಳೆಯಿತು. ಒಂದು ದಿನ ನೆಲ ಒರೆಸುವ ಆಯಾ ಬಕೆಟ್ ಕೆಳಗಿಟ್ಟು ಡಾಕ್ಟರನ್ನು ಕೇಳಿದಳು: "ಸಾರ್, ನಮ್ ಕೇರೀಲಿ ದನ ಸತ್ರೂ ಹೋಗಿ ಮಾತಾಡಿಸ್ಕೊಂಡು ಬರ್ತೀವಿ. ಆಗದವ್ರ ಮನೇಲಿ ಸಾವಾದ್ರೂ ಹೋಗ್ತೀವಿ. ನೀವು ಆ ದರ್ಜಿ ಮನೆಗೆ ಹೋಗ್ಲೇ ಇಲ್ವಲ್ಲ?"

ಅವತ್ತೇ ಹೋದ. ಚಪ್ಪಲಿ ಬಿಟ್ಟು ದರ್ಜಿಯ ಎದುರು ಚಾಪೆಯ ಮೇಲೆ ಕೂತ. "ಯಜಮಾನ್ರೇ, ನಿಮ್ಮ ಮನೆಯವರಿಗೆ ಆಗಿಬರದ ಇಂಜೆಕ್ಷನ್ ಕೊಟ್ಟೆ. ಚೀಟೀಲಿ ಬರೆದಿತ್ತು, ನಾನು ನೋಡ್ಲಿಲ್ಲ. ತಪ್ಪು ನಂದು" ಎಂದ.

ಬೈಯುತ್ತಾನೆ, ಕತ್ತಿನ ಪಟ್ಟಿ ಹಿಡಿಯುತ್ತಾನೆ ಎಂದುಕೊಂಡಿದ್ದ. ದರ್ಜಿ ಕೇಳಿದ್ದು ಇಷ್ಟೇ: "ಹಂಗಾದ್ರೆ ನೀರಿಂದ ಅಲ್ವಾ ಡಾಕ್ಟ್ರೇ?"

"ಯಾವ ನೀರು?"

"ಆಪರೇಷನ್ ದಿನ ಬೆಳಿಗ್ಗೆ ಏನೂ ಕೊಡ್ಬೇಡಿ ಅಂದಿದ್ರು. ಬಾಯಿ ಒಣಗ್ತದೆ ಅಂದ್ಲು. ಎರಡು ಗುಟುಕು ಕುಡಿಸ್ಬಿಟ್ಟೆ. ನಾನೇ ಕೊಂದೆ ಅಂದ್ಕೊಂಡಿದ್ದೆ. ಅದನ್ನ ಕೇಳೋಕೇ ದಿನಾ ಬರ್ತಿದ್ದೆ."

ಕೇಳಿದಿರಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ತಪ್ಪು ಮಾಡಿದವನು ಒಬ್ಬ, ಹೊತ್ತವನು ಇನ್ನೊಬ್ಬ. ಹೆಂಡತಿಯನ್ನು ಕೊಂದದ್ದು ಅವಸರ. ಗಂಡನನ್ನು ಐದು ತಿಂಗಳು ಸುಟ್ಟದ್ದು ಮೌನ. ಅವಸರಕ್ಕಾದರೂ ಕ್ಷಮೆಯುಂಟು, ಈ ಮೌನಕ್ಕೆ ಎಲ್ಲಿದೆ? ಹೇಳುವಾಗ ನನಗೇ ಸಿಟ್ಟು ಬರುತ್ತದೆ.

ನಮ್ಮ ಮಠದ ಆಸ್ಪತ್ರೆಯವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಅತ್ತಿತ್ತ ನೋಡಬೇಡಿ, ನಿಮಗೇ ಹೇಳುತ್ತಿದ್ದೇನೆ. ತಪ್ಪಾದರೆ ಅವತ್ತೇ ಹೋಗಿ ಮನೆಯವರ ಪಕ್ಕ ಕೂರಿ. ವಕೀಲರನ್ನು ಕರೆಯುವ ಮೊದಲು ಅವರನ್ನು ಕರೆಯಿರಿ. ಆದದ್ದನ್ನು ಆದ ಹಾಗೆ ಹೇಳಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ಇನ್ನೊಬ್ಬರಿಗೆ ಹೀಗಾಗದಂತೆ ಏನು ಮಾಡುತ್ತೀರೆಂದು ತಿಳಿಸಿ. ಬೈದರೆ ಬೈಸಿಕೊಳ್ಳಿ. ಹತ್ತು ದಿನ ಬಿಟ್ಟು ಮತ್ತೆ ಹೋಗಿ.

ಹಿಂದೆ ಕೂತವರು ನಗಬೇಡಿ. ನೀವೂ ಯಾರದೋ ಮನೆ ತಪ್ಪಿಸಿ ಬೇರೆ ಬೀದಿಯಲ್ಲಿ ಓಡಾಡುತ್ತೀರಿ, ನನಗೆ ಗೊತ್ತು. ಇವತ್ತು ಆ ಬೀದಿಯಲ್ಲೇ ಹೋಗಿ. ಬಾಗಿಲು ತಟ್ಟಿ. ನಿಮ್ಮ ತಪ್ಪನ್ನು ತಮ್ಮದೆಂದುಕೊಂಡು ಅವರು ಒಳಗೆ ಒಬ್ಬರೇ ಕೂತಿರಬಹುದು.